ಹುಳಿ ಚೆರಿ ಬಂದಾಗ ಮಾತ್ರ ಮಾಡೋ ಪೈ

ಪೈ, ಅಂದ್ರೆ ಹಣ್ಣನ್ನ ಬೆಣ್ಣೆ ಹಿಟ್ಟಿನ ಹಾಳೆಗಳ ಮಧ್ಯೆ ಮುಚ್ಚಿ ಓವನ್‌ನಲ್ಲಿ ಬೇಯಿಸೋ ತಿಂಡಿ, ಅಂದ ಕೂಡ್ಲೇ ಎಲ್ರೂ ಆಪಲ್ ಪೈ ಅಂತಾರೆ. ಅದ್ರ ಬಗ್ಗೆ ನಂಗೇನೂ ತಕರಾರಿಲ್ಲ, ಅಕ್ಟೋಬರ್ ಬಂದ್ರೆ ನಾನೂ ಮಾಡ್ತೀನಿ. ಆದ್ರೆ ಆಪಲ್ ಕೋಲ್ಡ್ ಸ್ಟೋರೇಜಲ್ಲಿ ಕೂತು ವರ್ಷ ಪೂರ್ತಿ ಸಿಗೋ ಹಣ್ಣು, ಫೆಬ್ರವರೀಲಿ ಮಾಡಿದ್ರೂ ನಡೆಯತ್ತೆ ಮೇ ತಿಂಗಳಲ್ಲಿ ಮಾಡಿದ್ರೂ ನಡೆಯತ್ತೆ. ಅಮೆರಿಕಾದ ಮಿಷಿಗನ್ ರಾಜ್ಯದಲ್ಲಿ ಇಷ್ಟು ವರ್ಷ ಇದ್ದು, ಪೈ ಅನ್ನೋದನ್ನ ಜನ ಯಾಕೆ ಮಾಡೋಕೆ ಶುರು ಮಾಡಿದ್ರು ಅಂತ ನಂಗೆ ತಿಳಿಸಿಕೊಟ್ಟಿದ್ದು ಹುಳಿ ಚೆರಿ, ಇಲ್ಲಿಯವರು ಟಾರ್ಟ್ ಚೆರಿ ಅಂತಾರೆ. ಜುಲೈನಲ್ಲಿ ಒಂದೆರಡು ಮೂರು ವಾರ ಬರತ್ತೆ, ಮುಗಿಯತ್ತೆ. ಕಿತ್ತ ಮೇಲೆ ಕಾಯೋದಿಲ್ಲ, ದೂರ ಕಳಿಸಿದ್ರೆ ಹಾಳಾಗತ್ತೆ, ಹಾಗೇ ಬಾಯಿಗೆ ಹಾಕ್ಕೊಂಡ್ರೆ ಹಲ್ಲು ಚುಳ್ ಅನ್ನತ್ತೆ. ಇಂಥ ಹಣ್ಣನ್ನ ಏನ್ ಮಾಡ್ಬೇಕು ಅಂದ್ರೆ ಅವತ್ತೇ ಸಕ್ಕರೆ ಹಾಕಿ ಬೆಣ್ಣೆ ಹಿಟ್ಟಿನ ಒಳಗೆ ಮುಚ್ಚಿ ಬೇಯಿಸ್ಬೇಕು, ಅಷ್ಟೇ. ಪೈ ಇರೋದೇ ಇಂಥ ಹಣ್ಣಿಗೋಸ್ಕರ ಅಂತ ನಾನು ಗಟ್ಟಿಯಾಗಿ ನಂಬ್ತೀನಿ.

ಊರಲ್ಲಿ ಇದ್ದಾಗ ನಮಗೆ ಗೊತ್ತಿದ್ದ ಚೆರಿ ಅಂದ್ರೆ ಬೇಕರಿ ಕೇಕ್ ಮೇಲೆ ಇಡೋ ಕೆಂಪು ಗುಂಡು. ಅದು ತುಂಬಾ ಸಲ ಚೆರೀನೇ ಆಗಿರಲ್ಲ, ಕವಳಿಕಾಯಿಯ ಬೀಜ ತೆಗೆದು ಸಕ್ಕರೆ ಪಾಕದಲ್ಲಿ ನೆನೆಸಿ ಬಣ್ಣ ಹಾಕಿರ್ತಾರೆ. ಇಲ್ಲಿಗೆ ಬಂದ ಮೇಲೆ ಅಂಗಡೀಲಿ ಸಿಗೋ ಕಪ್ಪು ಕೆಂಪಿನ ಸಿಹಿ ಚೆರಿ ಗೊತ್ತಾಯ್ತು, ತಿನ್ನೋಕೆ ಬಹಳ ಚೆನ್ನಾಗಿರತ್ತೆ ಆದ್ರೆ ಪೈಗೆ ಹಾಕಿದ್ರೆ ಸಪ್ಪೆ. ಬೆಂದಾಗ ಹಣ್ಣಿನ ಘಮ ಒಂದಷ್ಟು ಹೋಗೇ ಹೋಗತ್ತೆ, ಉಳಿಯೋದು ಸಿಹಿ ಮತ್ತು ಹುಳಿ. ಸಿಹಿ ಚೆರೀಲಿ ಹುಳಿ ಕಮ್ಮಿ ಇರೋದ್ರಿಂದ ಬೆಂದ ಮೇಲೆ ಬರೀ ಜಾಮ್ ತಿಂದ ಹಾಗಾಗತ್ತೆ. ಹುಳಿ ಚೆರೀಲಿ ಆ ಹುಳಿ ಗಟ್ಟಿಯಾಗಿರತ್ತೆ, ಒಂದು ಕಪ್ ಸಕ್ಕರೆ ಸುರಿದ್ರೂ ಅದು ಜಗ್ಗಲ್ಲ, ಒಂದು ಗಂಟೆ ಓವನ್‌ನಲ್ಲಿ ಕೂತು ಬಂದ್ರೂ ಜಗ್ಗಲ್ಲ.

ಇಲ್ಲಿ ಬೆಳೆಯೋ ತಳಿ ಹೆಚ್ಚಾಗಿ ಮಾಂಟ್‌ಮೊರೆನ್ಸಿ, ಫ್ರಾನ್ಸ್ ಮೂಲದ್ದು, ಪ್ಯಾರಿಸ್ ಹತ್ರದ ಒಂದು ಊರಿನ ಹೆಸರೇ ಅದಕ್ಕಿದೆ. ಸಿಪ್ಪೆ ಕೆಂಪಗೆ ಹೊಳೀತಿರತ್ತೆ, ಒಳಗಿನ ತಿರುಳು ಹಳದಿ, ರಸ ತಿಳಿ. ಬಿಸಿಲಿಗೆ ಹಿಡಿದ್ರೆ ಒಳಗಿನ ಬೀಜದ ನೆರಳು ಕಾಣತ್ತೆ, ಅಷ್ಟು ತೆಳು ಸಿಪ್ಪೆ. ಆ ಸಿಪ್ಪೆ ತೆಳು ಇರೋದೇ ಇದ್ರ ಕಥೆಯೆಲ್ಲಾ. ಕಿತ್ತ ಮಾರನೇ ದಿನಕ್ಕೇ ಏಟು ಬಿದ್ದ ಕಡೆಯೆಲ್ಲಾ ಕಂದು ಬಣ್ಣಕ್ಕೆ ತಿರುಗತ್ತೆ. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲಿರೋ ನನ್ನ ತಂಗಿ ಇದನ್ನ ತಾಜಾ ನೋಡೇ ಇಲ್ಲ, ಇಲ್ಲಿಯ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲೂ ನಂಗೆ ಕಂಡಿದ್ದು ಅಪರೂಪ. ಅಮೆರಿಕಾದ ಟಾರ್ಟ್ ಚೆರೀಲಿ ಹತ್ರ ಹತ್ರ ಮುಕ್ಕಾಲು ಪಾಲು ಈ ಒಂದೇ ರಾಜ್ಯದಲ್ಲಿ ಬೆಳೆದ್ರೂ, ಬಹುಪಾಲು ಹಣ್ಣು ತೋಟದಿಂದ ನೇರ ಫ್ಯಾಕ್ಟರಿಗೆ ಹೋಗಿ ಫ್ರೋಜನ್ ಆಗತ್ತೆ, ಜ್ಯೂಸ್ ಆಗತ್ತೆ, ಒಣ ಚೆರಿ ಆಗತ್ತೆ, ಡಬ್ಬಿ ಫಿಲ್ಲಿಂಗ್ ಆಗತ್ತೆ. ತಾಜಾ ಬೇಕು ಅಂದ್ರೆ ನಾವೇ ತೋಟಕ್ಕೆ ಹೋಗ್ಬೇಕು.

ಡೆಟ್ರಾಯಿಟ್ ಕಡೆಯಿಂದ ಟ್ರಾವರ್ಸ್ ಸಿಟಿಗೆ ಕಾರಲ್ಲಿ ನಾಲ್ಕು ಗಂಟೆ ದಾರಿ. ಜಗತ್ತಿನ ಚೆರಿ ರಾಜಧಾನಿ ಅಂತ ಆ ಊರು ತನ್ನನ್ನ ಕರ್ಕೊಳ್ಳತ್ತೆ, ಜುಲೈ ಮೊದಲ ವಾರದಲ್ಲಿ ದೊಡ್ಡ ಚೆರಿ ಹಬ್ಬ ನಡೆಯತ್ತೆ. ಊರಿಂದ ಉತ್ತರಕ್ಕೆ ಓಲ್ಡ್ ಮಿಷನ್ ಅಂತ ಒಂದು ಸಣ್ಣ ಪರ್ಯಾಯ ದ್ವೀಪ ಇದೆ, ಉದ್ದಕ್ಕೆ 18-19 ಮೈಲಿ, ಅಗಲ ಎಷ್ಟು ಕಮ್ಮಿ ಅಂದ್ರೆ ದಿಣ್ಣೆ ಮೇಲೆ ಕಾರು ಹತ್ತಿದಾಗ ಕೆಲವು ಕಡೆ ಎಡಕ್ಕೂ ನೀರು ಕಾಣತ್ತೆ ಬಲಕ್ಕೂ ನೀರು ಕಾಣತ್ತೆ, ಮಧ್ಯದಲ್ಲಿ ಚೆರಿ ಮರಗಳ ಸಾಲು. 1852ರಲ್ಲಿ ಪೀಟರ್ ಡೋರ್ಟಿ ಅನ್ನೋ ಪ್ರೆಸ್ಬಿಟೇರಿಯನ್ ಪಾದ್ರಿ ಅಲ್ಲಿ ಚೆರಿ ಗಿಡ ನೆಟ್ರು. 45ನೇ ಅಕ್ಷಾಂಶದ ಹತ್ರದ ಅಂಥ ಚಳಿ ಜಾಗದಲ್ಲಿ ಈ ಮರ ಬದುಕತ್ತೆ ಅಂತ ಯಾರೂ ಅಂದ್ಕೊಂಡಿರಲಿಲ್ಲವಂತೆ, ಆದ್ರೆ ಬದುಕ್ತು. ಕಾರಣ ಲೇಕ್ ಮಿಷಿಗನ್. ಚಳಿಗಾಲ ಮುಗಿದ ಮೇಲೂ ಆ ಸರೋವರದ ನೀರು ಬಹಳ ದಿನ ತಣ್ಣಗೇ ಇರತ್ತೆ, ಅದ್ರ ಮೇಲಿಂದ ಬೀಸೋ ಗಾಳಿ ಮರಗಳನ್ನ ಬೇಗ ಹೂ ಬಿಡೋಕೆ ಬಿಡಲ್ಲ, ಹೂ ಬಿಡೋ ಹೊತ್ತಿಗೆ ಹಿಮ ಬೀಳೋ ಅಪಾಯ ಕಳೆದಿರತ್ತೆ.

ಹೀಗೆ ತಡ ಮಾಡಿಸೋದೇ ಈ ಬೆಳೆಗೆ ರಕ್ಷೆ ಅನ್ನೋದು ನಂಗೆ ಪುಸ್ತಕದಿಂದಲ್ಲ, 2012ರಿಂದ ಗೊತ್ತಾಯ್ತು. ಆ ವರ್ಷ ಮಾರ್ಚ್‌ನಲ್ಲೇ ಬೇಸಿಗೆ ಥರ ಬಿಸಿಲು, 80 ಡಿಗ್ರಿ ಫ್ಯಾರನ್‌ಹೀಟ್‌ವರೆಗೂ ಹೋಗಿತ್ತು, ನಾವೆಲ್ಲಾ ಜಾಕೆಟ್ ಬಿಚ್ಚಿಟ್ಟು ಪಾರ್ಕ್‌ಗಳಲ್ಲಿ ಖುಷಿಯಾಗಿ ಓಡಾಡಿದ್ವಿ. ಮರಗಳೂ ಎಚ್ಚರ ಆಗಿ ಮೊಗ್ಗು ಬಿಟ್ವು. ಏಪ್ರಿಲ್‌ನಲ್ಲಿ ಒಂದಾದ ಮೇಲೊಂದು ರಾತ್ರಿ ಹಿಮಗಟ್ಟೋ ಚಳಿ ವಾಪಸ್ ಬಂತು, ರಾಜ್ಯದ ಟಾರ್ಟ್ ಚೆರಿ ಬೆಳೇಲಿ ಸುಮಾರು 90 ಪರ್ಸೆಂಟ್ ಹೋಯ್ತು. ಆ ಜುಲೈನಲ್ಲಿ ರಸ್ತೆ ಪಕ್ಕದ ಹಣ್ಣಿನ ಸ್ಟ್ಯಾಂಡ್‌ಗಳಲ್ಲಿ ಟೊಮ್ಯಾಟೊ ಇತ್ತು, ಜೋಳ ಇತ್ತು, ಚೆರಿ ಇರಲಿಲ್ಲ. ಮಾರ್ಚ್‌ನಲ್ಲಿ ಹವಾ ಚೆನ್ನಾಗಿದೆ ಅಂತ ಇಲ್ಲಿ ಯಾರಾದ್ರೂ ಅಂದ್ರೆ ಈಗಲೂ ನಂಗೆ ಮೊದಲು ಆ ಮೊಗ್ಗುಗಳೇ ನೆನಪಾಗತ್ತೆ.

ದೊಡ್ಡ ತೋಟಗಳಲ್ಲಿ ಕೈಯಲ್ಲಿ ಕೀಳೋದು ಕಮ್ಮಿ. ಶೇಕರ್ ಅಂತ ಒಂದು ಯಂತ್ರ ಬರತ್ತೆ, ಮರದ ಕಾಂಡವನ್ನ ಹಿಡ್ಕೊಂಡು ಕೆಲವೇ ಸೆಕೆಂಡ್ ನಡುಗಿಸತ್ತೆ, ಅಷ್ಟೂ ಹಣ್ಣು ಮಳೆ ಸುರಿದ ಹಾಗೆ ಕೆಳಗೆ ಹರಡಿದ ಟಾರ್ಪಾಲ್ ಮೇಲೆ ಬೀಳತ್ತೆ, ಅಲ್ಲಿಂದ ತಣ್ಣೀರಿನ ಟ್ಯಾಂಕಿಗೆ ಹೋಗತ್ತೆ. ನೋಡೋಕೆ ಮೈ ಜುಮ್ ಅನ್ನತ್ತೆ. ನಾವು ಹೋಗೋದು ಮಾತ್ರ ನಾವೇ ಕಿತ್ಕೊಳ್ಳೋ ಸಣ್ಣ ತೋಟಕ್ಕೆ, ಒಂದು ಬಕೆಟ್ ಕೊಡ್ತಾರೆ, ಸಾಲು ತೋರಿಸ್ತಾರೆ, ಕೊನೇಲಿ ತೂಕ ಹಾಕಿ ದುಡ್ಡು ತಗೋತಾರೆ. ಅಮ್ಮ ವಿಸಿಟರ್ ವೀಸಾದಲ್ಲಿ ಬಂದಿದ್ದ ಬೇಸಿಗೇಲಿ ಅವಳನ್ನೂ ಕರ್ಕೊಂಡು ಹೋಗಿದ್ವಿ. ಅಮ್ಮ ಸಾಗರದ ಕಡೆಯವಳು, ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಹಾಕಿ ಪಳಗಿದ ಕೈ. ಉಳಿದವರೆಲ್ಲಾ ಹಣ್ಣು ಹಿಡಿದು ಎಳೀತಿದ್ರೆ ಅವಳು ಒಂದೊಂದನ್ನೂ ತೊಟ್ಟು ಸಮೇತ ಕೀಳ್ತಿದ್ಲು. "ತೊಟ್ಟು ಬಿಟ್ರೆ ಸೋರತ್ತೆ ಕಣೇ, ಮನೆಗೆ ಹೋಗೋವರೆಗೆ ಇರ್ಬೇಕಲ್ಲ" ಅಂದ್ಲು. ತೋಟದ ಅಜ್ಜಿ ಅದನ್ನ ನೋಡಿ, ಇಟ್ಕೊಳ್ಳೋರು ಹೀಗೇ ಕೀಳ್ಬೇಕು ಅಂತ ನಮಗೆಲ್ಲಾ ಹೇಳಿದ್ರು. ಇಬ್ರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ, ಆದ್ರೂ ಮರದ ಕೆಳಗೆ ನಿಂತು ಹಣ್ಣು ತೋರಿಸ್ಕೊಂಡು ಬಹಳ ಹೊತ್ತು ಮಾತಾಡಿದ್ರು.

ಮನೆಗೆ ತಂದ ಮೇಲೆ ಬೀಜ ತೆಗೆಯೋ ಕೆಲಸ. ಒಂದು ಪೈಗೆ ಬೀಜ ತೆಗೆದ ಹಣ್ಣು ಆರು ಕಪ್, ಹತ್ರ ಹತ್ರ ಒಂದು ಕೆಜಿ ಬೇಕಾಗತ್ತೆ. ಬೀಜ ತೆಗೆಯೋ ಪ್ಲಾಸ್ಟಿಕ್ ಯಂತ್ರ ಸಿಗತ್ತೆ, ಆದ್ರೆ ಹೇರ್‌ಪಿನ್ ಅಥವಾ ಪೇಪರ್ ಕ್ಲಿಪ್ ಬಿಡಿಸಿ ಅದ್ರ ಬಾಗಿದ ತುದಿಯನ್ನ ತೊಟ್ಟಿನ ತೂತಿಂದ ಒಳಗೆ ಹಾಕಿ ಮೀಟಿದ್ರೆ ಹಣ್ಣು ಕೆಡದೆ ಬೀಜ ಹೊರಗೆ ಬರತ್ತೆ, ನಂಗೆ ಇದೇ ಇಷ್ಟ. ಕೈ ಮೊಣಕೈವರೆಗೆ ರಸ ಇಳಿಯತ್ತೆ, ಹಳೇ ಬಟ್ಟೆ ಹಾಕ್ಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತು ಮಾಡೋ ಕೆಲಸ ಇದು. ಬೀಜದ ಹತ್ರ ಮೂಗು ತಂದ್ರೆ ಬಾದಾಮಿ ಘಮ ಬರತ್ತೆ. ಚೆರಿ, ಬಾದಾಮಿ, ಪೀಚ್, ಪ್ಲಮ್ ಎಲ್ಲಾ ಒಂದೇ ಕುಲದವು, ಬೆಂಜಾಲ್ಡಿಹೈಡ್ ಅನ್ನೋ ಒಂದೇ ವಸ್ತುವಿನಿಂದ ಚೆರಿ ಬೀಜಕ್ಕೂ ಕಹಿ ಬಾದಾಮಿಗೂ ಆ ವಾಸನೆ. ಅದಕ್ಕೇ ಚೆರಿ ಪೈಗೆ ಬಾದಾಮಿ ಎಸೆನ್ಸ್ ಎರಡು ಹನಿ ಹಾಕಿದ್ರೆ ಚೆರಿ ಇನ್ನೂ ಚೆರಿ ಆಗತ್ತೆ. ಬೀಜ ಮಾತ್ರ ಜಜ್ಜಿ ಹಾಕೋಕೆ ಹೋಗ್ಬೇಡಿ, ಅದ್ರಲ್ಲಿ ಸೈನೈಡ್ ಬಿಡೋ ಅಂಶ ಇರತ್ತೆ.

ಈಗ ಹಿಟ್ಟು. ಪೈ ಚೆನ್ನಾಗಿ ಬರೋದು ಬಿಡೋದು ಇಲ್ಲೇ ಇದೆ. ಎರಡೂವರೆ ಕಪ್ ಮೈದಾ, 225 ಗ್ರಾಂ ಬೆಣ್ಣೆ, ಒಂದು ಚಮಚ ಉಪ್ಪು, ಐಸ್ ಹಾಕಿದ ನೀರು ಆರೇಳು ದೊಡ್ಡ ಚಮಚ. ಬೆಣ್ಣೆ ಫ್ರಿಜ್‌ನಿಂದ ಆಗಷ್ಟೇ ತೆಗೆದಿರ್ಬೇಕು, ಸಣ್ಣ ಚೌಕ ಮಾಡಿ ಮೈದಾಕ್ಕೆ ಹಾಕಿ ಬೆರಳ ತುದೀಲಿ ಒತ್ತಿ ಒತ್ತಿ ಚಪ್ಪಟೆ ಮಾಡ್ಬೇಕು, ಬಟಾಣಿ ಗಾತ್ರದ ಚೂರುಗಳು ಹಾಗೇ ಕಾಣ್ತಿರ್ಬೇಕು, ಪೂರ್ತಿ ಬೆರೆಸ್ಬಾರದು. ನೀರು ಸ್ವಲ್ಪ ಸ್ವಲ್ಪ ಚಿಮುಕಿಸಿ, ಹಿಡಿದ್ರೆ ಮುದ್ದೆ ಆಗೋ ಹದಕ್ಕೆ ಬಂದ ತಕ್ಷಣ ನಿಲ್ಲಿಸ್ಬೇಕು. ಚಪಾತಿ ಹಿಟ್ಟಿನ ಥರ ನಾದಿದ್ರೆ ಗ್ಲೂಟನ್‌ಗೆ, ಅಂದ್ರೆ ಮೈದಾದ ಜಿಗುಟು ಅಂಶಕ್ಕೆ, ಬಲ ಬಂದು ಬೆಂದ ಮೇಲೆ ಕಡಿಯೋಕೆ ಕಷ್ಟ ಆಗತ್ತೆ. ಎರಡು ಭಾಗ ಮಾಡಿ, ಸುತ್ತಿ, ಕಡೇ ಪಕ್ಷ ಒಂದು ಗಂಟೆ ಫ್ರಿಜ್‌ನಲ್ಲಿ ಇಡಿ.

ಬೆಣ್ಣೇಲಿ ಸುಮಾರು 16 ಪರ್ಸೆಂಟ್ ನೀರಿರತ್ತೆ. ಆ ಚಪ್ಪಟೆ ಚೂರುಗಳು ಲಟ್ಟಿಸಿದಾಗ ಹಿಟ್ಟಿನ ಮಧ್ಯೆ ತೆಳ್ಳಗೆ ಹಾಳೆ ಹಾಳೆಯಾಗಿ ಹರಡ್ಕೊಳ್ಳತ್ತೆ, ಬಿಸಿ ಓವನ್‌ಗೆ ಹೋದ ತಕ್ಷಣ ಬೆಣ್ಣೆ ಕರಗಿ ಅದ್ರ ನೀರು ಹಬೆಯಾಗಿ ಮೇಲೆ ಕೆಳಗಿನ ಪದರಗಳನ್ನ ದೂಡತ್ತೆ, ಅಷ್ಟರೊಳಗೆ ಹಿಟ್ಟು ಬೆಂದು ಗಟ್ಟಿ ಆಗಿರತ್ತೆ. ಅದೇ ಪದರ ಪದರ ಗರಿಗರಿ. ಅಮ್ಮನಿಗೆ ನಾನು ಇದನ್ನೆಲ್ಲಾ ವಿವರಿಸ್ತಾ ಇದ್ರೆ ಅವಳು ಲಟ್ಟಣಿಗೆ ಕೈಗೆ ತಗೊಂಡು "ಚಿರೋಟಿ ಲೆಕ್ಕವೇ ಇದು" ಅಂದ್ಲು. ನಿಜ ಕೂಡ. ಚಿರೋಟೀಲಿ ತುಪ್ಪಕ್ಕೆ ಅಕ್ಕಿ ಹಿಟ್ಟು ಸೇರಿಸಿ ನೊರೆ ಬರೋ ಹಾಗೆ ತಿಕ್ಕಿ ಹಾಳೆಗಳ ಮಧ್ಯೆ ಸವರ್ತೀವಿ, ಕರಿದಾಗ ಬಿಚ್ಕೊಳ್ಳತ್ತೆ. ಇಲ್ಲಿ ತುಪ್ಪದ ಬದಲು ಗಟ್ಟಿ ಬೆಣ್ಣೆ, ಎಣ್ಣೆ ಬಾಣಲಿ ಬದಲು ಓವನ್. ಜಿಡ್ಡು ಹಿಟ್ಟಿನ ಒಳಗೆ ಸೇರಿ ಮಾಯ ಆಗ್ಬಾರದು, ಪದರದ ಮಧ್ಯೆ ಬೇರೆಯಾಗೇ ನಿಲ್ಬೇಕು ಅನ್ನೋ ತಿಳುವಳಿಕೆ ಅಲ್ಲೂ ಅದೇ ಇಲ್ಲೂ ಅದೇ. ಅವತ್ತು ಲಟ್ಟಿಸಿದ್ದು ಪೂರ್ತಿ ಅಮ್ಮನೇ, ನಡುವಿಂದ ಅಂಚಿಗೆ, ತಿರುಗಿಸ್ತಾ ತಿರುಗಿಸ್ತಾ, ಒಂದು ಕಡೇನೂ ಹರೀಲಿಲ್ಲ.

ಫಿಲ್ಲಿಂಗ್ ಸುಲಭ. ಹಣ್ಣಿಗೆ ಒಂದು ಕಪ್ ಸಕ್ಕರೆ, ನಾಲ್ಕು ದೊಡ್ಡ ಚಮಚ ಕಾರ್ನ್ ಫ್ಲೋರ್, ಚಿಟಿಕೆ ಉಪ್ಪು, ಆ ಎರಡು ಹನಿ ಬಾದಾಮಿ ಎಸೆನ್ಸ್. ಏಲಕ್ಕಿ ಹಾಕ್ಬಹುದಾ ಅಂತ ನಮ್ಮವರು ತುಂಬಾ ಜನ ಕೇಳ್ತಾರೆ, ಹಾಕ್ಬಹುದು, ನಾನು ಹಾಕಲ್ಲ. ವರ್ಷಕ್ಕೊಂದ್ಸಲ ಬರೋ ಹಣ್ಣಿನ ರುಚಿ ಮೇಲೆ ವರ್ಷ ಪೂರ್ತಿ ಡಬ್ಬೀಲಿರೋ ಏಲಕ್ಕಿ ಕೂರೋದು ನಂಗೆ ಇಷ್ಟ ಆಗಲ್ಲ. ಹಣ್ಣು ಸಕ್ಕರೆ ಸೇರಿದ ತಕ್ಷಣ ರಸ ಬಿಡೋಕೆ ಶುರು ಮಾಡತ್ತೆ, ಬಹಳ ನೀರಾದ್ರೆ ಆ ರಸವನ್ನ ಬಸಿದು ಅದಕ್ಕೇ ಕಾರ್ನ್ ಫ್ಲೋರ್ ಕದಡಿ ಸಣ್ಣ ಉರೀಲಿ ಮಂದ ಮಾಡಿ ಹಣ್ಣಿಗೆ ವಾಪಸ್ ಸೇರಿಸಿ. ಮೇಲಿನ ಹಾಳೆಯನ್ನ ಪಟ್ಟಿ ಪಟ್ಟಿ ಕತ್ತರಿಸಿ ಚಾಪೆ ಹೆಣೆದ ಹಾಗೆ ಹೆಣೀತಾರೆ, ನೋಡೋಕೆ ಚಂದ ಅನ್ನೋದು ಒಂದು, ಇಷ್ಟು ರಸ ಇರೋ ಹಣ್ಣಿನ ಹಬೆ ಹೊರಗೆ ಹೋಗೋಕೆ ದಾರಿ ಬೇಕು ಅನ್ನೋದು ಇನ್ನೊಂದು. ಮೇಲೆ ಸ್ವಲ್ಪ ಹಾಲು ಸವರಿ ದಪ್ಪ ಸಕ್ಕರೆ ಉದುರಿಸ್ತೀನಿ.

425 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ 20 ನಿಮಿಷ, ಆಮೇಲೆ 375ಕ್ಕೆ ಇಳಿಸಿ ಇನ್ನೂ 35-40 ನಿಮಿಷ. ಮೊದಲಿನ ಬಿಸಿ ಪದರ ಏಳೋಕೆ, ಆಮೇಲಿನದು ಹಣ್ಣು ಬೇಯೋಕೆ. ಮೇಲೆ ಬಣ್ಣ ಬಂತು ಅಂತ ತೆಗೀಬೇಡಿ, ಅಂಚಲ್ಲಲ್ಲ ಮಧ್ಯದ ಕಿಂಡಿಗಳಲ್ಲೇ ರಸ ದಪ್ಪಗೆ ಕುದಿಯೋದು ಕಾಣ್ಬೇಕು, ಕಾರ್ನ್ ಫ್ಲೋರ್ ಪೂರ್ತಿ ಮಂದ ಆಗೋಕೆ ಕುದಿಯೋ ಹತ್ರದ ಬಿಸಿ, 95 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬೇಕು. ತೆಗೆದ ಮೇಲೆ ಮೂರ್ನಾಲ್ಕು ಗಂಟೆ ಮುಟ್ಟೋ ಹಾಗಿಲ್ಲ, ತಣ್ಣಗಾದಾಗಲೇ ರಸ ಕೂಡ್ಕೊಳ್ಳತ್ತೆ. ಮಕ್ಕಳಿರೋ ಮನೇಲಿ ಆ ಮೂರ್ನಾಲ್ಕು ಗಂಟೇನೇ ಕಷ್ಟ.

ಇನ್ನೊಂದು ವಿಷಯ ನಮ್ಮ ಥರದ ಮನೆಗಳಿಗೆ ಮುಖ್ಯ. ಇಲ್ಲಿಯ ಕೇಕ್, ಕುಕೀ, ಡೋನಟ್ ಏನ್ ಮುಟ್ಟಿದ್ರೂ ಮೊಟ್ಟೆ, ಅಮ್ಮ ಯಾವುದನ್ನೂ ತಿನ್ನಲ್ಲ. ಎರಡೂ ಕಡೆ ಹಾಳೆ ಇರೋ ಹಣ್ಣಿನ ಪೈಗೆ ಮೊಟ್ಟೆ ಬೇಕಾಗೇ ಇಲ್ಲ, ಹೊಳಪಿಗೆ ಮೇಲೆ ಸವರ್ತಾರೆ ಅಷ್ಟೇ, ಅದಕ್ಕೆ ಹಾಲು ಸಾಕು. ಆದ್ರೆ ಹೋಟೆಲ್‌ನಲ್ಲಿ, ತೋಟದ ಅಂಗಡೀಲಿ ತಗೊಳ್ಳೋವಾಗ ಕೇಳ್ಲೇಬೇಕು, ಹಳೇ ಪದ್ಧತೀಲಿ ಹಿಟ್ಟಿಗೆ ಲಾರ್ಡ್, ಅಂದ್ರೆ ಹಂದಿ ಕೊಬ್ಬು ಹಾಕ್ತಾರೆ, ಈಗಲೂ ಹಾಕೋರಿದ್ದಾರೆ. ಮನೇಲಿ ಬೆಣ್ಣೇಲಿ ಮಾಡಿದ್ದನ್ನ ಕನ್ನಡ ಕೂಟದ ಪಾಟ್‌ಲಕ್‌ಗೆ, ಅಂದ್ರೆ ಎಲ್ರೂ ಒಂದೊಂದು ಅಡುಗೆ ತಂದು ಹಂಚ್ಕೊಳ್ಳೋ ಊಟಕ್ಕೆ, ತಗೊಂಡು ಹೋದಾಗ ಹಿರಿಯರು ಮೊದಲ ಸಲ ನಿಶ್ಚಿಂತೆಯಿಂದ ಪೈ ತಿಂದಿದ್ದು ನೋಡಿ ನಂಗಾದ ಸಂತೋಷ ಸಣ್ಣದಲ್ಲ.

ಈ ಹಣ್ಣು ಬೆಳೆಯೋರ ಬಗ್ಗೆ ಹೇಳ್ದೇ ಇರೋಕಾಗಲ್ಲ. ಚೆರಿ ಪೈ ಮೇಲೆ ಇಲ್ಲಿಯವರಿಗಿರೋ ಅಭಿಮಾನ ಎಷ್ಟು ಅಂದ್ರೆ, 1976ರಲ್ಲಿ ಶಾರ್ಲವಾಯ್ ಊರಿನವರು 17,420 ಪೌಂಡಿನ ಪೈ ಮಾಡಿದ್ರು, 1987ರಲ್ಲಿ ಟ್ರಾವರ್ಸ್ ಸಿಟಿಯವರು 28,350 ಪೌಂಡಿನದ್ದು ಮಾಡಿ ಮೀರಿಸಿದ್ರು, ಎರಡೂ ಊರಲ್ಲಿ ಆ ತಟ್ಟೆಗಳನ್ನ ನಿಲ್ಲಿಸಿಟ್ಟಿದ್ದಾರೆ, ಹೋದೋರೆಲ್ಲಾ ಮುಂದೆ ನಿಂತು ಫೋಟೋ ತೆಗೆಸ್ಕೋತಾರೆ. ಆದ್ರೆ ಬೆಳೆಗಾರರ ಕೈಗೆ ಬರೋ ದುಡ್ಡು ಅಭಿಮಾನದಷ್ಟಿಲ್ಲ. ಟರ್ಕಿಯಂಥ ದೇಶಗಳಿಂದ ಅಗ್ಗದ ಚೆರಿ ಜ್ಯೂಸ್, ಒಣ ಚೆರಿ ಬರತ್ತೆ. ಬೆಳೆ ಜಾಸ್ತಿ ಆದ ವರ್ಷ ಬೆಲೆ ಬೀಳದ ಹಾಗೆ ಒಂದು ಪಾಲು ಹಣ್ಣನ್ನ ಮಾರುಕಟ್ಟೆಗೆ ಬಿಡದಂಥ ನಿಯಮ ಇದೆ, 2016ರಲ್ಲಿ ಒಬ್ಬ ರೈತರು ನೆಲಕ್ಕೆ ಸುರಿದ ಚೆರಿ ರಾಶಿಯ ಫೋಟೋ ಹಾಕಿದಾಗ ದೇಶವೆಲ್ಲಾ ಅದನ್ನ ನೋಡ್ತು. ಇದ್ರ ಜೊತೆಗೆ ಏಷ್ಯಾದಿಂದ ಬಂದ ಒಂದು ಹಣ್ಣು ನೊಣ, 2010ರಲ್ಲಿ ಈ ರಾಜ್ಯದಲ್ಲಿ ಮೊದಲು ಕಂಡಿದ್ದು, ಮಾಗ್ತಿರೋ ಹಣ್ಣಿಗೇ ಮೊಟ್ಟೆ ಇಡತ್ತೆ, ಅದಕ್ಕೆ ಔಷಧಿ ಹೊಡೆಯೋ ಖರ್ಚು ಬೇರೆ. ಓಲ್ಡ್ ಮಿಷನ್ ದಾರೀಲಿ ಒಂದೊಂದೇ ಚೆರಿ ತೋಟ ಹೋಗಿ ದ್ರಾಕ್ಷಿ ತೋಟ, ಮನೆಗಳು ಬರ್ತಿರೋದನ್ನ ನಾವೇ ನೋಡ್ತಿದ್ದೀವಿ. ನೀರು ಕಾಣೋ ಜಾಗಕ್ಕೆ ಮನೆ ಕಟ್ಟೋರು ಕೊಡೋ ಬೆಲೆಯನ್ನ ಚೆರಿ ಯಾವ ವರ್ಷಾನೂ ಕೊಡಲ್ಲ. ಹೀಗಿದ್ದೂ ಹೊಸ ಸಸಿ ನೆಟ್ಟು, ಹಣ್ಣಿಗೆ ವರ್ಷಗಟ್ಟಲೆ ಕಾಯೋರನ್ನ ಕಂಡ್ರೆ ನಂಗೆ ತುಂಬಾ ಗೌರವ. ಅದಕ್ಕೇ ನಾನು ಡಬ್ಬಿ ಫಿಲ್ಲಿಂಗ್ ತಗೊಳ್ಳಲ್ಲ, ಆ ದುಡ್ಡು ನೇರ ತೋಟದ ಸ್ಟ್ಯಾಂಡ್‌ಗೇ ಹೋಗ್ಲಿ ಅಂತ.

ಡೆಟ್ರಾಯಿಟ್, ಗ್ರಾಂಡ್ ರಾಪಿಡ್ಸ್, ಶಿಕಾಗೋ ಕಡೆ ಇರೋ ನಮ್ಮವರು ಯಾರಾದ್ರೂ ಇದನ್ನ ಓದ್ತಿದ್ರೆ, ರಾಜ್ಯದ ದಕ್ಷಿಣದಲ್ಲಿ ಜುಲೈ ಶುರುವಲ್ಲೇ ಹಣ್ಣಾಗತ್ತೆ, ಟ್ರಾವರ್ಸ್ ಸಿಟಿ ಕಡೆ ಜುಲೈ ಮಧ್ಯದಿಂದ. ಹೊರಡೋ ಮುಂಚೆ ತೋಟಕ್ಕೆ ಫೋನ್ ಮಾಡಿ, ಟಾರ್ಟ್ ಚೆರಿ ಇದೆಯಾ ಅಂತ ಬಿಡಿಸಿ ಕೇಳಿ, ಬರೀ ಚೆರಿ ಅಂದ್ರೆ ಸಿಹಿದು ಅಂದ್ಕೋತಾರೆ. ಕಾರಲ್ಲಿ ಐಸ್ ಹಾಕಿದ ಕೂಲರ್ ಇರಲಿ, ಆಳದ ಬಕೆಟ್ ಬದಲು ಅಗಲ ತಟ್ಟೆಗಳಲ್ಲಿ ತೆಳುವಾಗಿ ಹರಡಿ, ಕೆಳಗಿನ ಹಣ್ಣು ಜಜ್ಜಲ್ಲ. ಬೆಣ್ಣೆ ಹಿಟ್ಟನ್ನ ಹೊರಡೋ ಹಿಂದಿನ ರಾತ್ರೀನೇ ಮಾಡಿ ಫ್ರಿಜ್‌ನಲ್ಲಿಟ್ಟಿರಿ, ವಾಪಸ್ ಬಂದ ಸಂಜೆ ಬೀಜ ತೆಗೆಯೋದಷ್ಟೇ ಕೆಲಸ. ಬೀಜ ತೆಗೆಯೋಕೆ ಮನೇಲಿರೋರನ್ನೆಲ್ಲಾ ಕೂರಿಸ್ಕೊಳ್ಳಿ, ಒಬ್ರೇ ಕೂತ್ರೆ ಮುಗಿಯಲ್ಲ.